ಗಡ್ಡೆಗೆ ಹೊದಿಸಿದ ರಜಾಯಿ

ನನ್ನ ಮದುವೆಗೆ ತವರಿನವರು ಕೊಟ್ಟ ಹೆಬ್ಬಾತಿನ ಗರಿಯ ರಜಾಯಿಯ ನಡುಮಧ್ಯೆ ಅಂಗೈಯಗಲದ ಮಣ್ಣಿನ ಕಲೆಯೊಂದಿದೆ. ಎಷ್ಟು ಒಗೆದರೂ ಹೋಗಲಿಲ್ಲ. ಈಗ ಅದು ಹೋಗುವುದು ನನಗೂ ಬೇಕಿಲ್ಲ. ಇದನ್ನು ಎಸೆದು ಹೊಸದು ಹೊಲಿಸೋಣ ಎಂದು ಹೆಣ್ಣುಮಕ್ಕಳು ರಾಗ ತೆಗೆದಾಗಲೆಲ್ಲ ನಾನು ಗದರಿಸಿ ಕಳಿಸುತ್ತೇನೆ. ಈ ಮನೆ, ಈ ಒಲೆ, ಅವರಪ್ಪನ ಹೆಸರು, ಇಷ್ಟೂ ನಮಗೆ ಉಳಿದದ್ದು ಆ ಕಲೆ ಬಿದ್ದ ವಾರದಲ್ಲಿ. ಉಳಿಸಿಕೊಟ್ಟವರು ಒಬ್ಬ ರಸಾಯನಶಾಸ್ತ್ರಜ್ಞರು. ಅಂಥವರಿಗೆ ಮೊದಲ ದಿನ ನಾನು ಬಡಿಸಿದ್ದು ಬಾಯಿಗಿಡಲಾಗದಷ್ಟು ಉಪ್ಪು ಸುರಿದ ಬಟಾಣಿ ಸಾರು.

ನಮ್ಮೂರು ಹಾರ್ಬೆಕ್. ಮ್ಯಾಗ್ಡೆಬುರ್ಗ್ ಪಟ್ಟಣಕ್ಕೆ ಬಂಡಿಯಲ್ಲಿ ಅರ್ಧ ದಿನದ ದಾರಿ. ನಮ್ಮ ಕಪ್ಪು ಮಣ್ಣಿಗೆ ಸಕ್ಕರೆ ಬೀಟಿನ ಬಿಳಿ ಗಡ್ಡೆ ಬಂದ ಮೇಲೆ ರೈತರು ಗೋಧಿಯ ಕಡೆ ತಿರುಗಿ ನೋಡುವುದನ್ನೇ ಬಿಟ್ಟರು. ಎಲ್ಲರೂ ಪಾಲು ಹಾಕಿ ಊರಿನಲ್ಲೇ ಕಾರ್ಖಾನೆ ಕಟ್ಟಿಸಿದರು. ಗಡ್ಡೆ ತುರಿದು, ಹಿಂಡಿ, ರಸಕ್ಕೆ ಸುಣ್ಣ ಕೊಟ್ಟು, ಮೂಳೆಯ ಇದ್ದಿಲಿನಲ್ಲಿ ಸೋಸಿದ ಮೇಲೆ ಅದು ತಾಮ್ರದ ಬಾಣಲೆಗೆ ಬರುತ್ತಿತ್ತು. ಅಲ್ಲಿಂದ ಮುಂದಿನದು ನನ್ನ ಗಂಡ ಹೆನ್ನಿಂಗ್ ಅವರ ರಾಜ್ಯ. ಅವರು ಪಾಕದ ಮೇಸ್ತ್ರಿ.

ಕುದಿಯುವ ಪಾಕವನ್ನು ಯಾವ ಗಳಿಗೆಗೆ ಇಳಿಸಬೇಕೆನ್ನುವುದು ನಮ್ಮವರ ಹೆಬ್ಬೆರಳಿಗೂ ತೋರುಬೆರಳಿಗೂ ಮಾತ್ರ ಗೊತ್ತಿತ್ತು. ಒಂದು ಹನಿಯನ್ನು ಬೆರಳುಗಳ ನಡುವೆ ಹಿಡಿದು ಎಳೆದು ನೋಡುತ್ತಿದ್ದರಂತೆ. ಎಳೆ ಎಲ್ಲಿ ಕಡಿಯಿತು, ಕಡಿದ ತುದಿ ಎಷ್ಟು ಸುರುಟಿಕೊಂಡಿತು ಎಂಬುದರ ಮೇಲೆ ಎಲ್ಲ ತೀರ್ಮಾನ. "ಅಂತೆ" ಎನ್ನುತ್ತಿದ್ದೇನೆ, ಯಾಕೆಂದರೆ ನಾನು ನೋಡಿರಲಿಲ್ಲ. ಪಾಕದ ವಿದ್ಯೆ ಅಪ್ಪನಿಂದ ಮಗನಿಗೆ ಹೋಗಬೇಕು, ಮಿಕ್ಕವರ ಕಣ್ಣಿಗೆ ಬೀಳಬಾರದು. ಒಲೆ ಉರಿಸುವವರು ಗೋಡೆಯ ಆಚೆ ನಿಂತು ಉರಿಸಬೇಕು, ಕಿಟಕಿಗೆ ಸದಾ ಒಂದು ಗೋಣಿ. ಯಜಮಾನರೇ ಬಂದರೂ ಬಾಗಿಲು ತಟ್ಟಿ ಆಚೆ ಕಾಯಬೇಕು. ಕಟ್ಟಿಕೊಂಡ ಹೆಂಡತಿಯಾದ ನಾನು ಬುತ್ತಿಯನ್ನು ಹೊಸ್ತಿಲ ಮೇಲಿಟ್ಟು ಕೆಮ್ಮಿ ಬರಬೇಕಿತ್ತು, ಬೆಕ್ಕಿಗೆ ಹಾಲಿಟ್ಟು ಬಂದ ಹಾಗೆ. ನಮಗೆ ಹುಟ್ಟಿದ್ದು ಮೂವರೂ ಹೆಣ್ಣು. ವಿದ್ಯೆಯನ್ನು ಯಾರಿಗೆ ಕೊಡ್ತೀರಿ ಎಂದು ಒಮ್ಮೆ ಕೇಳಿದ್ದಕ್ಕೆ ನಮ್ಮವರು ಎರಡು ದಿನ ಮಾತು ಬಿಟ್ಟಿದ್ದರು.

ಅಂಥ ಕೈಗೆ ಕೆಟ್ಟ ಹೆಸರು ಬಂತು. ಸುಗ್ಗಿಯಿಂದ ಕ್ರಿಸ್ಮಸ್‌ವರೆಗೆ ಬಾಣಲೆಗಳು ಚೆನ್ನಾಗಿಯೇ ಇಳಿಯುತ್ತಿದ್ದವು. ಹೊಸ ವರ್ಷ ಕಳೆಯುತ್ತಿದ್ದಂತೆ ಪಾಕ ಸಾಯುತ್ತಿತ್ತು. ಮಣ್ಣಿನ ಅಚ್ಚಿಗೆ ಸುರಿದರೆ ಹರಳುಗಟ್ಟಬೇಕು ತಾನೆ? ಅದು ಕಂದು ಜೋನಿಯಾಗಿ ಹಾಗೆಯೇ ನಿಲ್ಲುತ್ತಿತ್ತು. ರಾಜನ ತೆರಿಗೆ ಗಡ್ಡೆಯ ತೂಕದ ಮೇಲೆ, ಸಕ್ಕರೆ ಬಂದರೂ ಕಟ್ಟಬೇಕು, ಬಾರದಿದ್ದರೂ ಕಟ್ಟಬೇಕು. ಮೊದಲ ಚಳಿಗಾಲ ಊರು ಹೇಗೋ ನುಂಗಿಕೊಂಡಿತು. ಎರಡನೆಯ ಚಳಿಗಾಲದಲ್ಲೂ ಹೀಗೇ ಆದಾಗ ಪಾಲುದಾರರ ಮುಖಂಡ ಬಸ್ಸೆ ಯಜಮಾನರು ಹೆಂಡದಂಗಡಿಯಲ್ಲಿ ಎಲ್ಲರೆದುರೇ ಹೇಳಿಬಿಟ್ಟರು.

"ಹೆನ್ನಿಂಗ್ ಕೈ ಹೋಯ್ತು. ಹಬ್ಬಕ್ಕೆ ಕುಡಿಯೋಕೆ ಕೂತೋನು ಏಳೋದೇ ಇಲ್ಲ ಅಂತ ಕಾಣುತ್ತೆ. ಈಸ್ಟರ್ ಹೊತ್ತಿಗೆ ಬೇರೆ ಮೇಸ್ತ್ರಿ ಬರ್ತಾನೆ. ಮನೆ ಅವನಿಗೆ ಬೇಕು."

ನಾವಿದ್ದದ್ದು ಕಾರ್ಖಾನೆಯ ಮನೆಯಲ್ಲಿ. ಕುಡಿತದ ಮಾತು ಶುದ್ಧ ಸುಳ್ಳು. ನಮ್ಮವರು ಹಬ್ಬಕ್ಕೆ ಒಂದು ಲೋಟ ಬಿಯರ್ ಹೀರಿ ಅಲ್ಲೇ ತೂಕಡಿಸುವ ಜಾತಿ. ಆದರೆ ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಊರು ನಮ್ಮದು. ನನಗೆ ಅದಕ್ಕಿಂತ ಸಂಕಟವಾದದ್ದು ಬೇರೆ. ನಮ್ಮವರು ಊಟಕ್ಕೆ ಕೂತಾಗ ಎರಡು ಬೆರಳುಗಳನ್ನು ಒಂದಕ್ಕೊಂದು ಉಜ್ಜಿಕೊಂಡು, ಬೇರೆ ಯಾರದೋ ಬೆರಳನ್ನು ನೋಡುವಂತೆ ನೋಡುತ್ತಿದ್ದರು. ಒಂದು ದಿನ ತಾವಾಗಿಯೇ, "ನನ್ನ ಕೈಗೆ ಏನೋ ಆಗಿದೆ ಕಣೇ ಲಿಸೆಟ್" ಎಂದರು. ಊರು ಏನಾದರೂ ಅಂದುಕೊಳ್ಳಲಿ, ಈ ಮನುಷ್ಯ ಅದನ್ನು ನಂಬಿಬಿಟ್ಟರಲ್ಲ!

ಜನವರಿಯಲ್ಲಿ ಬಸ್ಸೆ ಯಜಮಾನರು ಮ್ಯಾಗ್ಡೆಬುರ್ಗಿನಿಂದ ಡಾಕ್ಟರ್ ಟಿಲೆಮನ್ ಎನ್ನುವವರನ್ನು ಕರೆಸಿದರು. ಮೇಸ್ತ್ರಿಯನ್ನು ತೆಗೆಯಲು ಓದಿದವರ ಬಾಯಿಂದ ಒಂದು ಮಾತು ಬರಲಿ, ಆಮೇಲೆ ಯಾರೂ ತಕರಾರು ಎತ್ತುವ ಹಾಗಿಲ್ಲ ಎನ್ನುವುದು ಅವರ ಲೆಕ್ಕ. ಗಾಯದ ಮೇಲೆ ಬರೆ ಎಳೆದಂತೆ ಆ ಡಾಕ್ಟರನ್ನು ಇಳಿಸಿದ್ದು ನಮ್ಮ ಮನೆಯಲ್ಲೇ. ಕಾರ್ಖಾನೆಯ ಮನೆ, ಖಾಲಿ ಕೋಣೆ ಇದೆ, ಬೇಡ ಅನ್ನಲು ನಾವು ಯಾರು?

ಕಡ್ಡಿಯಂಥ ಮನುಷ್ಯ, ಮೂವತ್ತೂ ಆಗಿರಲಿಲ್ಲ. ಕೋಟಿನ ತೋಳಿನಲ್ಲಿ ಆಮ್ಲ ಸಿಡಿದು ಸುಟ್ಟ ತೂತುಗಳು. ಜೊತೆಗೆ ಎರಡು ಮರದ ಪೆಟ್ಟಿಗೆ. ವೈದ್ಯರು ಬಂದಿದ್ದಾರೆಂದುಕೊಂಡು ಆಚೆಮನೆಯವಳು ಆಗಲೇ ಕೆಮ್ಮುವ ಮಗುವನ್ನು ಎತ್ತಿಕೊಂಡು ಬಂದಳು.

"ನಾನು ಔಷಧದ ಡಾಕ್ಟ್ರಲ್ಲ ತಾಯಿ, ರಸದ ಡಾಕ್ಟ್ರು," ಎಂದರು ಅವರು. "ಗಡ್ಡೆ ಕೆಮ್ಮಿದ್ರೆ ಹೇಳಿ, ಬರ್ತೀನಿ."

ನನಗೆ ನಗು ಬರಲಿಲ್ಲ. ಒಳಗೆ ಹೋಗಿ ಬಟಾಣಿ ಸಾರಿಗೆ ಇನ್ನೊಂದು ಹಿಡಿ ಉಪ್ಪು ಹಾಕಿದೆ. ಅವರು ತಟ್ಟೆಯ ತಳ ಕಾಣುವ ತನಕ ಉಂಡರು. ಮಧ್ಯೆ ಮಧ್ಯೆ ನೀರು ಕುಡಿದರು. ಎದ್ದು ಕೈ ಒರೆಸಿಕೊಂಡು, "ಚೆನ್ನಾಗಿತ್ತು, ಮೇಸ್ತ್ರಿ ಅಮ್ಮ. ಇಷ್ಟು ಉಪ್ಪು ತಿಂದ ಮೇಲೆ ಈ ಮನೆಗೆ ದ್ರೋಹ ಬಗೆಯೋಕೆ ಆಗುತ್ತಾ?" ಎಂದರು. ನಮ್ಮವರು ತಟ್ಟೆಯಿಂದ ತಲೆಯೆತ್ತಲಿಲ್ಲ. ನನ್ನ ಮುಖ ಮಾತ್ರ ಕೆಂಡವಾಯಿತು. ಮರುದಿನ ಅವರಿಗೆ ಕಪ್ಪು ರೊಟ್ಟಿಯ ಜೊತೆ ಪ್ಲಮ್ ಹಣ್ಣಿನ ಗೊಜ್ಜನ್ನು ಕೊಟ್ಟೆ, ಅದೂ ಒಳ್ಳೆಯ ಭರಣಿಯಿಂದ ತೆಗೆದು.

ಅವರು ಮೊದಲು ಕೇಳಿದ್ದು ಪಾಕದ ಮನೆಯನ್ನು ನೋಡಬಹುದೇ ಎಂದು.

"ಆಗಲ್ಲ," ಎಂದರು ನಮ್ಮವರು.

"ಬೇಡ ಬಿಡಿ. ಇನ್ನೊಂದು ಕೇಳ್ಲಾ? ಸುಗ್ಗೀಲಿ ಪಾಕ ಹೇಗಿತ್ತು?"

"ಬಂಗಾರ."

"ಆಗ ಇದ್ದಿದ್ದೂ ಇದೇ ಕೈನೇ ಅಲ್ವಾ ಮೇಸ್ತ್ರಿ?"

ನಮ್ಮವರು ಟೋಪಿ ಹಾಕಿಕೊಂಡು ಹೊರಟುಹೋದರು. ನಾನು ಪಾತ್ರೆ ತೊಳೆಯುತ್ತಿದ್ದವಳು ಹಾಗೇ ನಿಂತುಬಿಟ್ಟೆ. ಎರಡು ಚಳಿಗಾಲ ಇಡೀ ಊರು ಬಾಯಿ ಬಡಿದುಕೊಂಡಿತ್ತು, ಈ ಒಂದು ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಕಾರ್ಖಾನೆಯ ಅಂಗಳದಲ್ಲಿ ಗಡ್ಡೆಯ ಉದ್ದನೆಯ ದಿಬ್ಬಗಳಿದ್ದವು. ಕಿತ್ತ ಗಡ್ಡೆಯನ್ನೆಲ್ಲ ಒಮ್ಮೆಗೇ ಅರೆಯಲಾಗದು. ಹಾಗಾಗಿ ರಾಶಿ ಹಾಕಿ, ಹುಲ್ಲು ಹೊದಿಸಿ, ಮೇಲೆ ಮಣ್ಣು ಬಡಿದು ಮಾರ್ಚ್‌ವರೆಗೆ ಕಾಪಾಡುತ್ತಿದ್ದೆವು. ಈ ಕೆಲಸದ ಹೆಂಗಸರಿಗೆಲ್ಲ ಹಿರಿಯಳು ಮೆಟಾ ಅಜ್ಜಿ. ನವೆಂಬರಿನ ಸಂತ ಮಾರ್ಟಿನನ ಹಬ್ಬದೊಳಗೆ ಒಂದು ಗಡ್ಡೆಯ ಮೂಗೂ ಕಾಣದ ಹಾಗೆ ಮುಚ್ಚಿಬಿಡುವಳು. ಅವಳ ತಾಯಿ ಆಲೂಗಡ್ಡೆಯನ್ನು ಹಾಗೆಯೇ ಮುಚ್ಚುತ್ತಿದ್ದಳಂತೆ. ದಿಬ್ಬ ದಪ್ಪಗಾದಷ್ಟೂ ಊರಿಗೆ ಹೆಮ್ಮೆ. ಬಸ್ಸೆ ಯಜಮಾನರು ಪ್ರತಿ ವರ್ಷ ದಿಬ್ಬದ ಮೇಲೆ ಹತ್ತಿ ಕುಣಿದು ನೋಡಿ, ಅಲುಗದಿದ್ದರೆ ಅಜ್ಜಿಗೆ ಹೊಸ ಏಪ್ರನ್ ಕೊಡಿಸುತ್ತಿದ್ದರು. ಇದು ನಮ್ಮೂರಿನ ಪದ್ಧತಿ.

ಡಾಕ್ಟರು ಆ ದಿಬ್ಬಕ್ಕೆ ಕೋಲಿನಿಂದ ತೂತು ಕೊರೆದು, ಕೋಲಿನ ತುದಿಗೆ ಗಾಜಿನ ಉಷ್ಣಮಾಪಕ ಕಟ್ಟಿ ಒಳಗಿಳಿಸಿದರು. ಅಂಗಳದ ಹೆಂಗಸರು ಬಿದ್ದು ಬಿದ್ದು ನಕ್ಕರು.

"ನೋಡ್ರೇ, ಗಡ್ಡೆಗೆ ಜ್ವರ ನೋಡ್ತಾವ್ರೆ!"

ಮೆಟಾ ಅಜ್ಜಿಗೆ ಮಾತ್ರ ಕೋಪ ನೆತ್ತಿಗೇರಿತು. "ಏಯ್, ಮುಚ್ಚಪ್ಪಾ ಅದನ್ನ! ಗಾಳಿ ಹೋದ್ರೆ ನನ್ನ ಮಕ್ಕಳು ಸತ್ತೋಗ್ತವೆ!"

ಡಾಕ್ಟರು ಕೋಲು ಹೊರಗೆಳೆದು ಗಾಜನ್ನು ನೋಡಿ, ಅಜ್ಜಿಯ ಕೈ ಹಿಡಿದು ಆ ತೂತಿನ ಬಾಯಿಗೆ ಇಟ್ಟರು. ಒಳಗಿನಿಂದ ಬೆಚ್ಚನೆಯ ಹಬೆ ಬರುತ್ತಿತ್ತು. ಹಿಂದಿನ ವರ್ಷದ ಹಾಗೆ ಆ ವರ್ಷವೂ ಚಳಿಗಾಲ ಸೋಮಾರಿ, ಕೊಳದ ನೀರು ಸರಿಯಾಗಿ ಹೆಪ್ಪುಗಟ್ಟಿರಲಿಲ್ಲ. ಮಣ್ಣು ಅಗೆದು ಒಂದಿಷ್ಟು ಗಡ್ಡೆ ತೆಗೆದಾಗ ಅವುಗಳ ತಲೆಯಲ್ಲಿ ಬಿಳಿಚಿಕೊಂಡ ಚಿಗುರು ಮೂಡಿತ್ತು.

ಆ ಸಂಜೆ ಪೆಟ್ಟಿಗೆಗಳು ನನ್ನ ಅಡಿಗೆಮನೆಯಲ್ಲಿ ಬಿಚ್ಚಿಕೊಂಡವು. ಎರಡೂ ತುದಿಗೆ ಗಾಜು ಕೂರಿಸಿದ ಉದ್ದನೆಯ ಹಿತ್ತಾಳೆ ಕೊಳವೆಯೊಂದಿತ್ತು. ಅದರಲ್ಲಿ ರಸ ತುಂಬಿ ದೀಪಕ್ಕೆ ಹಿಡಿದರೆ ಸಕ್ಕರೆ ಎಷ್ಟಿದೆ ಎಂದು ತಿಳಿಯುತ್ತಿತ್ತಂತೆ. ನನಗೆ ಅರ್ಥವಾದದ್ದು ಇನ್ನೊಂದು ಪರೀಕ್ಷೆ. ಮೈಲುತುತ್ತದ ನೀಲಿ ನೀರಿಗೆ ದಿಬ್ಬದ ಗಡ್ಡೆಯ ರಸ ಬೆರೆಸಿ ನನ್ನ ಒಲೆಯ ಮೇಲೆ ಕಾಯಿಸಿದರು. ಕಣ್ಣ ಮುಂದೆಯೇ ನೀಲಿ ಹೋಗಿ ಇಟ್ಟಿಗೆಯ ಕೆಂಪಾಯಿತು.

"ಒಳ್ಳೆ ಸಕ್ಕರೆ ಇದ್ರೆ ನೀಲಿ ನೀಲಿಯಾಗೇ ಇರುತ್ತೆ," ಎಂದರು ಡಾಕ್ಟರು. "ಕೆಂಪಾಯ್ತು ಅಂದ್ರೆ ಸಕ್ಕರೆ ಮುರಿದಿದೆ ಅಂತ. ಮುರಿದ ಸಕ್ಕರೆ ಹರಳು ಕಟ್ಟಲ್ಲ, ಪಕ್ಕದಲ್ಲಿರೋ ಒಳ್ಳೇದನ್ನೂ ಕಟ್ಟೋಕೆ ಬಿಡಲ್ಲ. ಮೇಸ್ತ್ರೀ, ಕಿತ್ತರೂ ಗಡ್ಡೆ ಸತ್ತಿರಲ್ಲ. ಉಸಿರಾಡ್ತಾ ಇರುತ್ತೆ. ತಣ್ಣಗಿದ್ರೆ ನಿಧಾನಕ್ಕೆ ಆಡುತ್ತೆ. ಬೆಚ್ಚಗೆ ಹೊದಿಸಿ ಮಲಗಿಸಿದ್ರೆ ಎಚ್ಚರ ಆಗಿ ಹೊಟ್ಟೆ ಹಸಿದು ತನ್ನ ಸಕ್ಕರೇನ ತಾನೇ ತಿನ್ನುತ್ತೆ. ನಿಮ್ಮ ಬಾಣಲೆಗೆ ಬರೋ ಹೊತ್ತಿಗೇ ಪಾಕ ಸತ್ತಿರುತ್ತೆ. ಸತ್ತ ಹೆಣಕ್ಕೆ ಯಾವ ಕೈ ಜೀವ ಕೊಡುತ್ತೆ?"

ನಮ್ಮವರು ಆ ಕೆಂಪನ್ನೇ ನೋಡುತ್ತಾ ಕುಳಿತಿದ್ದರು. ಬೆರಳು ಉಜ್ಜುವುದನ್ನು ನಿಲ್ಲಿಸಿದ್ದರು.

ಆದರೆ ಬಸ್ಸೆ ಯಜಮಾನರು ಅಷ್ಟು ಸುಲಭಕ್ಕೆ ಒಪ್ಪುವ ಪ್ರಾಣಿಯಲ್ಲ. ಮರುದಿನ ಅಡಿಗೆಮನೆಗೇ ಬಂದು ನಿಂತರು.

"ಅಲ್ಲ ಡಾಕ್ಟ್ರೇ, ನಿಮ್ಮನ್ನ ಕರೆಸಿದ್ದು ಮೇಸ್ತ್ರಿ ಕೈ ನೋಡೋಕೆ. ನೀವು ನೋಡಿದ್ರೆ ಗಡ್ಡೆ ಕೈ ಹಿಡ್ಕೊಂಡು ನಾಡಿ ನೋಡ್ತಾ ಇದೀರಲ್ಲ."

"ಕಾಯಿಲೆ ಇರೋದು ಅಲ್ಲೇ ಯಜಮಾನ್ರೇ."

"ಎಲ್ಲಾ ಗಡ್ಡೇದೂ ರಸ ಕೆಂಪಾಗಬಹುದು. ಯಾರಿಗೆ ಗೊತ್ತು? ಹೊದಿಸದೇ ಇರೋ ಗಡ್ಡೆ ತಂದು ತೋರ್ಸಿ, ನೋಡೋಣ. ನಮ್ಮೂರಲ್ಲಿ ಹಂಗೆ ಬೀದೀಲಿ ಬಿಡೋ ಸೋಮಾರಿಗಳು ಇಲ್ಲ."

ಹೇಳಿ ಮೀಸೆ ತಿರುವಿದರು. ಡಾಕ್ಟರ ಮುಖ ಬಾಡಿತು. ಅವರ ಬಳಿ ಬೇರೆ ಗಡ್ಡೆ ಇರಲಿಲ್ಲ. ತನಗೆ ಕೆಲಸ ಕೊಟ್ಟ ಯಜಮಾನನ ಮಾತಿಗೆ ಹೂಂ ಅಂದು ಸಂಭಾವನೆ ಎಣಿಸಿಕೊಂಡು ಊರಿಗೆ ಹೋಗಬಹುದಿತ್ತು. "ಹಾಗಾದ್ರೆ ಹುಡುಕ್ತೀನಿ," ಎಂದರು ಅಷ್ಟೆ.

ಹುಡುಕಬೇಕಾಗಿರಲಿಲ್ಲ. ನನಗೆ ಗೊತ್ತಿತ್ತು. ಆ ಸಲ ಹುಲ್ಲು ಸಾಲದೆ ಬಂದು, ಮೆಟಾ ಅಜ್ಜಿ ಇದ್ದಿಲ ಮನೆಯ ಹಿಂದೆ, ಬಡಗಣ ಗಾಳಿಗೆ, ಒಂದು ಸಣ್ಣ ರಾಶಿಯ ಮೇಲೆ ಬರೀ ಸೊಪ್ಪು ಎಸೆದು ಬಿಟ್ಟಿದ್ದಳು. ಅವಳ ಬಾಳಿನಲ್ಲಿ ಅಂಥ ಅವಮಾನ ಇನ್ನೊಂದಿರಲಿಲ್ಲ. ಹಿಂಡುವ ಮನೆಯ ಹೆಂಗಸರಿಗೆಲ್ಲ ಗೊತ್ತು, ಒಬ್ಬರೂ ಬಾಯಿ ಬಿಟ್ಟಿರಲಿಲ್ಲ. ಅಜ್ಜಿ ನನ್ನ ಹಿರಿಮಗಳಿಗೆ ಹೆಸರಿಟ್ಟ ಧರ್ಮತಾಯಿ ಬೇರೆ. ಅವಳ ಗುಟ್ಟು ಹೇಳಲೋ, ಗಂಡನ ಹೆಸರು ಉಳಿಸಿಕೊಳ್ಳಲೋ? ನಾನು ನೇರವಾಗಿ ಅಜ್ಜಿಯ ಮನೆಗೇ ಹೋದೆ.

"ಅಜ್ಜೀ, ಆ ರಾಶಿ ಬೇಕು."

"ಯಾವ ರಾಶಿ? ನನಗೆ ಯಾವ ರಾಶೀನೂ ಗೊತ್ತಿಲ್ಲ."

"ಸೊಪ್ಪಿನ ಕೆಳಗೆ ಚಳಿಗೆ ನಡುಗ್ತಾ ಇದೆಯಲ್ಲ, ಅದು."

ಅಜ್ಜಿ ನನ್ನನ್ನು ಬೈದ ಬೈಗುಳ ಬರೆಯುವಂಥದ್ದಲ್ಲ. ನನ್ನ ತವರನ್ನೂ ಬಿಡಲಿಲ್ಲ. ಬೈದು ಸುಸ್ತಾಗಿ ಚಿಕೋರಿ ಕಾಫಿ ಬಗ್ಗಿಸಿಕೊಂಡು ಕುಡಿದು, ಶಾಲು ಹೊದ್ದುಕೊಂಡಳು. "ನಡಿಯೇ. ನಗೋ ಊರಿಗೆ ಹಲ್ಲು ಉದುರಿ ಹೋಗ್ಲಿ."

ಆ ರಾಶಿಯ ರಸವನ್ನು ಬಸ್ಸೆ ಯಜಮಾನರ ಮುಂದೆಯೇ ಕಾಯಿಸಿದರು. ನೀಲಿ ನೀಲಿಯಾಗಿಯೇ ನಿಂತಿತು. ಮೆಟಾ ಅಜ್ಜಿ ಬಗ್ಗಿ ನೋಡಿ, "ಹಂಗಾದ್ರೆ ನಾನೇ ಕೊಂದೆ ಅನ್ನು," ಎಂದಳು. ದನಿ ಬಿದ್ದುಹೋಗಿತ್ತು.

"ಆಲೂಗಡ್ಡೆಗೆ ನಿಮ್ಮ ಕೈ ಸರಿಯಾಗೇ ಇದೆ ಅಜ್ಜಿ," ಎಂದರು ಡಾಕ್ಟರು. "ಇದು ಬೇರೆ ಮಗು, ಇದಕ್ಕೆ ಸೆಕೆ ಜಾಸ್ತಿ. ನಿಮಗೆ ಯಾರೂ ಹೇಳಿರಲಿಲ್ಲ, ಅಷ್ಟೆ."

ಓದಿದ ದೊಡ್ಡವರು ನಮ್ಮಂಥವರ ತಪ್ಪು ಹಿಡಿದಾಗ ಹೇಗೆ ಮಾತಾಡುತ್ತಾರೆಂದು ನನಗೆ ಗೊತ್ತಿದೆ. ಈ ಮನುಷ್ಯ ಹಾಗೆ ಆಡಲಿಲ್ಲ. ಅಂದಿನಿಂದ ಅಜ್ಜಿಯೂ ಅವರ ಕಡೆಯಾದಳು.

ಯಜಮಾನರು ಕಡೆಯ ಪಟ್ಟು ಹಾಕಿದರು. "ಬಣ್ಣದ ನೀರನ್ನ ಯಾರೂ ಸಂತೇಲಿ ಕೊಳ್ಳಲ್ಲ. ಸೋಮವಾರ ಆ ರಾಶಿಯಿಂದ ಒಂದು ಬಾಣಲೆ ಇಳಿಸ್ಲಿ ಹೆನ್ನಿಂಗ್. ಹರಳು ಕಟ್ಟಿದ್ರೆ ಅವನು ಇರ್ತಾನೆ, ದಿಬ್ಬ ನೀವು ಹೇಳಿದ ಹಾಗೆ ಬಿಚ್ಚಿಸ್ತೀನಿ. ಕಟ್ಟದೇ ಇದ್ರೆ ಇಬ್ರೂ ಒಂದೇ ಬಂಡೀಲಿ ಹೊರಡಿ."

ಶನಿವಾರ ಮಧ್ಯಾಹ್ನದ ತನಕ ಎಲ್ಲ ಸರಿಯಿತ್ತು. ಆಮೇಲೆ ಗಾಳಿ ಮೂಡಲಿಗೆ ತಿರುಗಿತು. ಆಕಾಶ ತೊಳೆದಿಟ್ಟ ಹಾಗೆ ಆಯಿತು, ಬಾವಿಯ ಹಗ್ಗ ಬಿರುಸಾಯಿತು. ಅಷ್ಟು ದಿನ ಮಲಗಿದ್ದ ಚಳಿಗಾಲ ಅಂದೇ ಎದ್ದು ಕೂತಿತು. ಡಾಕ್ಟರು ಅಂಗಳಕ್ಕೆ ಹೋಗಿ ಗಾಜು ನೋಡಿ ಬಂದವರು ಬಾಗಿಲಲ್ಲೇ ನಿಂತು ಏದುಸಿರು ಬಿಟ್ಟರು. ತಣ್ಣಗಿರುವುದು ಬೇರೆ, ಕಲ್ಲಾಗಿ ಹೆಪ್ಪುಗಟ್ಟುವುದು ಬೇರೆ. ಹೆಪ್ಪುಗಟ್ಟಿ ಕರಗಿದ ಗಡ್ಡೆ ಕೊಳೆತು ಲೋಳೆಯಾಗುತ್ತದೆ. ಆ ರಾಶಿ ಹೋದರೆ ಇನ್ನೊಂದಿಲ್ಲ.

"ಏನಾದ್ರೂ ಹೊದಿಸಬೇಕು," ಎಂದರು. "ಹುಲ್ಲು ಎಲ್ಲಿದೆ?"

"ಹುಲ್ಲಿದ್ದಿದ್ರೆ ಆ ರಾಶಿ ಹಾಗೆ ಇರ್ತಿತ್ತಾ ಡಾಕ್ಟ್ರೇ?" ಎಂದೆ ನಾನು.

ಅವರು ತಮ್ಮ ಕೋಟು ಬಿಚ್ಚಿ ಕೈಲಿ ಹಿಡಿದು ಇದ್ದಿಲ ಮನೆಯ ಕಡೆ ಓಡಿದರು. ಇರುವುದೊಂದೇ ಕೋಟು, ಅದೂ ತೂತು ತೂತು. ಆ ಕಡ್ಡಿ ಮೈ ಬರೀ ಅಂಗಿಯಲ್ಲಿ ಓಡುವುದನ್ನು ನೋಡಿದೆ. ಯಾರ ಮನೆ ಉಳಿಸಲು ಓಡುತ್ತಿದೆ ಈ ಜೀವ? ನಾನು ಒಳಗೆ ಹೋಗಿ ಮಂಚದ ಮೇಲಿನ ಮದುವೆಯ ರಜಾಯಿಯನ್ನು ಎತ್ತಿಕೊಂಡೆ.

ಮುಸ್ಸಂಜೆಯ ಬೆಳಕಿನಲ್ಲಿ ನಾನು ಅದನ್ನು ಗಡ್ಡೆಯ ಮೇಲೆ ಹಾಸುತ್ತಿರುವಾಗ ಮೆಟಾ ಅಜ್ಜಿ ಬಂದಳು. ನೋಡಿ, ಸೊಂಟ ಹಿಡಿದುಕೊಂಡು ನಕ್ಕಳು.

"ಹೊದಿಸಬೇಡಿ ಹೊದಿಸಬೇಡಿ ಅಂತ ನನ್ನ ತಲೆ ತಿಂದು, ಈಗ ಹೆಬ್ಬಾತಿನ ಗರೀದು ಹೊದಿಸ್ತಾ ಇದೀರಲ್ಲಪ್ಪೋ!"

"ರಾತ್ರಿ ಮಾತ್ರ ಅಜ್ಜಿ. ಬಿಸಿಲು ಬಂದ ತಕ್ಷಣ ತೆಗೀಬೇಕು," ಎಂದರು ಡಾಕ್ಟರು.

"ಮಗೂನ ಬೆಚ್ಚಗಿಡೋದು ನನಗೆ ಹೇಳಿಕೊಡ್ತೀಯಾ?" ಎಂದು ಅವಳು ಮನೆಮನೆಗೆ ಹೋದಳು. ಯಾವ ಬಾಗಿಲಲ್ಲಿ ಏನು ಬೈದಳೋ ಕಾಣೆ, ಹೆಂಗಸರು ಒಬ್ಬೊಬ್ಬರಾಗಿ ರಜಾಯಿ ಹೊತ್ತು ಬಂದರು. ಜ್ವರ ನೋಡ್ತಾವ್ರೆ ಎಂದು ನಕ್ಕವರೇ ಮುಂದೆ. ಪಾದ್ರಿಯವರ ಹೆಂಡತಿ ಕಸೂತಿ ಹಾಕಿದ್ದನ್ನೇ ಕಳಿಸಿದರು. ಕಡೆಗೆ ಬಂದದ್ದು ನಮ್ಮವರು. ಹುಡುಗಿಯರ ಮೂರು ಹೊದಿಕೆಗಳು ಅವರ ಹೆಗಲ ಮೇಲಿದ್ದವು. ಅವರು ಡಾಕ್ಟರ ಪಕ್ಕ ಮೊಣಕಾಲೂರಿ, ಗಾಳಿ ನುಗ್ಗದಂತೆ ಅಂಚುಗಳನ್ನು ಒಳಕ್ಕೆ ಸಿಕ್ಕಿಸಿದರು.

ಭಾನುವಾರ ಚರ್ಚಿಗೆ ಹೊರಟ ಊರೆಲ್ಲ ತಮ್ಮ ತಮ್ಮ ಹಾಸಿಗೆಯ ಬಟ್ಟೆಯನ್ನು ಗಡ್ಡೆಯ ರಾಶಿಯ ಮೇಲೆ ಕಂಡಿತು. ಗಂಡಸರು ಮುಸಿಮುಸಿ ನಕ್ಕರು. ಹಿಂದಿನ ರಾತ್ರಿ ಕೋಟು ಹೊದ್ದು ಮಲಗಿದವರು ಅವರೇ ಅಲ್ಲವೇ, ನಗಲಿ. ಬಿಸಿಲೇರಿದ ಮೇಲೆ ತೆಗೆದೆವು, ಸಂಜೆಗೆ ಮತ್ತೆ ಹೊದಿಸಿದೆವು. ಡಾಕ್ಟರು ಶೀತ ಹಿಡಿದು ಸೀನುತ್ತಾ ಗಾಜು ನೋಡಿ ನೋಡಿ ಬರುತ್ತಿದ್ದರು. ನಾನು ಅವರಿಗೆ ನಮ್ಮವರ ಹಳೆಯ ಉಣ್ಣೆಯಂಗಿ ತೊಡಿಸಿದೆ. ಅದರೊಳಗೆ ಇಬ್ಬರು ಡಾಕ್ಟರು ಹಿಡಿಸುತ್ತಿದ್ದರು.

ಸೋಮವಾರ ಗಡ್ಡೆ ಗಟ್ಟಿಯಾಗಿ, ತಣ್ಣಗೆ, ಚೊಕ್ಕವಾಗಿ ಹೊರಬಂತು. ತುರಿದರು, ಹಿಂಡಿದರು, ಸೋಸಿದರು. ಮಧ್ಯಾಹ್ನ ಮೀರುವ ಹೊತ್ತಿಗೆ ರಸ ಪಾಕದ ಮನೆ ಸೇರಿತು, ಬಾಗಿಲು ಮುಚ್ಚಿತು. ಬಸ್ಸೆ ಯಜಮಾನರು ಮತ್ತು ಪಾಲುದಾರರು ಅಂಗಳದಲ್ಲಿ ಕಾಲು ಬಡಿಯುತ್ತಾ ನಿಂತರು. ಬುತ್ತಿ ತಂದ ನಾನು ಎಂದಿನಂತೆ ಹೊಸ್ತಿಲಿನಲ್ಲಿ. ನನ್ನ ಪಕ್ಕದಲ್ಲಿ ಡಾಕ್ಟರು ಗೋಡೆಗೊರಗಿ ಸೀನುತ್ತಿದ್ದರು. ಒಳಗೆ ಕುದಿಯುವ ಸದ್ದು ದಪ್ಪವಾಗುತ್ತಾ ಬಂತು. ಆ ಸದ್ದು ನನಗೆ ಗೊತ್ತು, ಅಷ್ಟು ವರ್ಷ ಹೊಸ್ತಿಲಲ್ಲಿ ನಿಂತು ಅದನ್ನೊಂದು ಕಲಿತಿದ್ದೆ. ಈಗ ಎಳೆ ನೋಡುತ್ತಾರೆ ಎಂದುಕೊಂಡೆ. ಏಸುವೇ, ಆ ಬೆರಳುಗಳಿಗೆ ಏನೂ ಆಗಿಲ್ಲ ಎಂದು ಅವರಿಗೆ ತೋರಿಸು.

ಬಾಗಿಲು ತೆರೆಯಿತು. ನಮ್ಮವರು ತೋಳು ಮಡಿಸಿಕೊಂಡು, ಬೆವರು ಸುರಿಸುತ್ತಾ ನಿಂತಿದ್ದರು. ಎರಡು ಬೆರಳುಗಳ ನಡುವೆ ಹೊಂಬಣ್ಣದ ಎಳೆ ಇನ್ನೂ ಅಂಟಿಕೊಂಡಿತ್ತು. ಅವರ ಕಣ್ಣು ತುಂಬಿತ್ತು. ಹಬೆಗೆ ಎಂದು ಅವರು ಆಮೇಲೆ ಹೇಳಿದರು, ಹೇಳಲಿ.

"ಒಳಗೆ ಬನ್ನಿ ಡಾಕ್ಟ್ರೇ."

ಬಸ್ಸೆ ಯಜಮಾನರ ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು. ಆ ಹೊಸ್ತಿಲು ದಾಟಿದವರು ನಮ್ಮವರ ವಂಶದವರಲ್ಲದೆ ಇನ್ನೊಬ್ಬರಿಲ್ಲ.

"ನಾನಾ?" ಎಂದರು ಡಾಕ್ಟರು.

"ನೀವೇ. ನನ್ನ ಕೈ ಹೋಗಿದೆ ಅಂತ ನಾನೇ ನಂಬಿಬಿಟ್ಟಿದ್ದೆ. ನೀವು ತಂದುಕೊಟ್ರಿ. ಕೈ ನಿಮ್ಮ ಋಣ. ಅದರಲ್ಲಿ ಏನಿದೆ ಅಂತ ನಿಮಗೆ ತೋರಿಸದೆ ಇನ್ಯಾರಿಗೆ ತೋರಿಸ್ಲಿ? ಬೆರಳು ನೀಡಿ."

ಬಾಗಿಲು ತೆರೆದೇ ಇತ್ತು, ನಾನು ನೋಡಿದೆ. ನಮ್ಮವರು ಸೌಟಿನ ಅಂಚಿನಿಂದ ಒಂದು ಹನಿ ತೆಗೆದು ಡಾಕ್ಟರ ಹೆಬ್ಬೆರಳಿಗೆ ಇಟ್ಟರು. ಡಾಕ್ಟರು ಅಯ್ಯಪ್ಪಾ ಎಂದು ಕುಣಿದರು.

"ಸುಡುತ್ತೆ ಮೇಸ್ತ್ರೀ!"

"ಸುಡದೆ ಇದ್ರೆ ಅದು ಪಾಕ ಅಲ್ಲ, ನನ್ನ ಹೆಂಡ್ತಿ ಸಾರು. ಎಳೀರಿ ಈಗ. ನಿಧಾನ. ಕಡೀತಾ? ಕೆಳಗಿನ ತುದಿ ಮೇಲಕ್ಕೆ ಕೊಕ್ಕೆ ಹಂಗೆ ಬಗ್ಗಿತು ನೋಡಿದ್ರಾ? ಅಷ್ಟೇ. ಅದೇ ಗಳಿಗೆ."

ಡಾಕ್ಟರು ಆ ಎಳೆಯನ್ನು ತಮ್ಮ ಹಿತ್ತಾಳೆ ಕೊಳವೆಯನ್ನು ನೋಡುವಷ್ಟೇ ಶ್ರದ್ಧೆಯಿಂದ ನೋಡಿದರು. ಮತ್ತೆ ಎಳೆದರು, ಮತ್ತೆ ಸುಟ್ಟುಕೊಂಡರು. ನನಗೆ ಸಂತೋಷವೂ ಹೊಟ್ಟೆಕಿಚ್ಚೂ ಒಟ್ಟಿಗೆ ಆದವು. ಹೊರಗಿನವನೊಬ್ಬ ಬಂದ ಕೆಲವೇ ದಿನಕ್ಕೆ ಒಳಗೆ, ನಾನು ಬುತ್ತಿಯ ಜೊತೆ ಹೊರಗೆ. ತಿರುಗಿ ಹೊರಡಬೇಕು ಎನ್ನುವಾಗ ಡಾಕ್ಟರು ತಲೆಯೆತ್ತಿ ನನ್ನ ಕಡೆ ನೋಡಿ, ಆಮೇಲೆ ನಮ್ಮವರ ಕಡೆ ನೋಡಿದರು.

"ಮೇಸ್ತ್ರೀ, ಆ ರಾಶಿ ಇದೆ ಅಂತ ಕಂಡುಹಿಡಿದಿದ್ದು ನಾನಲ್ಲ."

ಅಪ್ಪ, ಅಜ್ಜ, ಆ ಗೋಣಿ ಕಟ್ಟಿದ ಕಿಟಕಿ, ಎಲ್ಲ ನಮ್ಮವರ ಮುಖದ ಮೇಲೆ ಹಾದುಹೋದವು. ಆಮೇಲೆ ಸೌಟನ್ನು ಮತ್ತೆ ಬಾಣಲೆಗೆ ಅದ್ದಿದರು.

"ಬಾರೇ ಲಿಸೆಟ್. ಒಳಗೆ ಬಾ. ಆ ಬುತ್ತಿ ಅಲ್ಲೇ ಇಡು."

ಬುತ್ತಿ ಇಟ್ಟೆನೋ ಕೈಜಾರಿ ಬೀಳಿಸಿದೆನೋ ನೆನಪಿಲ್ಲ. ಹನಿ ನನ್ನ ಬೆರಳಿಗೆ ಬಿದ್ದಾಗ ಸುಟ್ಟಿತು, ನಾನು ಕೂಗಲಿಲ್ಲ. ಎಳೆದೆ. ಕೂದಲಿನಂಥ ಎಳೆ ಬಂತು, ಬೆಳಕು ಹಾಯುವಷ್ಟು ತೆಳ್ಳಗೆ. ಕಡಿಯಿತು, ತುದಿ ಬಗ್ಗಿತು.

ಮರುದಿನ ಅಚ್ಚುಗಳಲ್ಲಿ ಸಕ್ಕರೆ ಕಲ್ಲಿನ ಹಾಗೆ ಕೂತಿತ್ತು. ಬಸ್ಸೆ ಯಜಮಾನರು ಟೋಪಿ ತೆಗೆದು ನಮ್ಮವರ ಕೈ ಕುಲುಕಿದರು. ಬಾಯಿಬಿಟ್ಟು ತಪ್ಪಾಯಿತು ಅನ್ನಲಿಲ್ಲ, ಆದರೆ ಮೆಟಾ ಅಜ್ಜಿಯ ಜೊತೆ ತಾವೂ ಸಲಿಕೆ ಹಿಡಿದು ದಿಬ್ಬದ ನೆತ್ತಿಗಳನ್ನು ಬಿಚ್ಚಿದರು. ನಾನು ಪಾಕದ ಮನೆಯ ಕಿಟಕಿಯ ಗೋಣಿಯನ್ನು ಕಿತ್ತು ಅಜ್ಜಿಗೆ ಕೊಟ್ಟೆ, ಗಡ್ಡೆಗೆ ಬೇಕಾಗುತ್ತದೆ ಎಂದು. ನಮ್ಮವರು ನೋಡಿದರು, ಬೇಡ ಅನ್ನಲಿಲ್ಲ.

ಡಾಕ್ಟರು ಹೊರಡುವಾಗ ನಾನು ಅವರ ಕೋಟಿನ ತೂತುಗಳಿಗೆಲ್ಲ ತೇಪೆ ಹಾಕಿದ್ದೆ, ಪೆಟ್ಟಿಗೆಯಲ್ಲಿ ಪ್ಲಮ್ ಗೊಜ್ಜಿನ ಭರಣಿಯಿತ್ತು. ಏನೇನೋ ಹೇಳಬೇಕೆಂದು ರಾತ್ರಿಯೆಲ್ಲ ಜೋಡಿಸಿಕೊಂಡಿದ್ದೆ. ಬಂಡಿಯ ಹತ್ತಿರ ನಿಂತಾಗ ಬಾಯಿಗೆ ಬಂದದ್ದು ಇಷ್ಟೇ: "ದೇವರು ನಿಮ್ಮ ಹೊಟ್ಟೆ ತಣ್ಣಗಿಟ್ಟಿರಲಿ."

"ಗಡ್ಡೆ ಹಾಗಾ, ಮೇಸ್ತ್ರಿ ಅಮ್ಮ?" ಎಂದು ನಕ್ಕು ಬಂಡಿ ಹತ್ತಿದರು.

ಈಗ ಬಾಣಲೆಗೂ ಉಷ್ಣಮಾಪಕದ ಗಾಜು ಕೂರಿಸಿದ್ದಾರೆ, ಎಳೆ ಎಳೆಯುವವರು ಕಾರ್ಖಾನೆಯಲ್ಲಿ ಯಾರೂ ಇಲ್ಲ. ನಮ್ಮವರು ಹೋಗಿ ಬಹಳ ಕಾಲವಾಯಿತು. ಆದರೆ ಪ್ಲಮ್ ಹಣ್ಣಿನ ಕಾಲದಲ್ಲಿ ನನ್ನ ಮೂವರು ಹೆಣ್ಣುಮಕ್ಕಳೂ ಈ ಒಲೆಯ ಮುಂದೆ ಸೇರುತ್ತಾರೆ. ನಾನು ಸಕ್ಕರೆ ಪಾಕದ ಹನಿಯನ್ನು ಒಬ್ಬೊಬ್ಬಳ ಬೆರಳಿಗೂ ಇಡುತ್ತೇನೆ. ಅವರು ಅಯ್ಯೋ ಸುಡುತ್ತೆ ಅನ್ನುತ್ತಾರೆ, ನಾನು ಎಳೀರೇ ಅನ್ನುತ್ತೇನೆ.